ಎಕ್ಸ್‌ರೇ ಕೋಣೆಯಿಂದ ಸಿಟಿ ಕೋಣೆಗೆ ಹನ್ನೆರಡು ಹೆಜ್ಜೆ: ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ, ನಮ್ಮ ಶಾಸಕರಿಗೆ, ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ, ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳನ್ನು ನಡೆಸುವವರಿಗೆ,

ನಮಸ್ಕಾರ.

ನಾನು ಕುಮಟಾ ಕಡೆಯವನು. ಎಕ್ಸ್‌ರೇ ತಂತ್ರಜ್ಞ. 2004ರಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದೆ. ಮೊದಲು ಗುತ್ತಿಗೆ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿದ್ದೆ, ಆಮೇಲೆ ಖಾಸಗಿಗೆ ಬಂದೆ. ಈಗ ನಾನಿರುವ ಕಡೆ ಎಕ್ಸ್‌ರೇ ಕೋಣೆ, ಸಿಟಿ ಸ್ಕ್ಯಾನ್ ಕೋಣೆ ಎರಡೂ ಒಂದೇ ಕಾರಿಡಾರಿನಲ್ಲಿವೆ. ನಡುವೆ ಹನ್ನೆರಡು ಹೆಜ್ಜೆ. ಸುಮ್ನೆ ಹೇಳುತ್ತಿಲ್ಲ, ಎಣಿಸಿದ್ದೇನೆ. ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾದ ಮೇಲೆ ನಾನು ಆ ಹನ್ನೆರಡು ಹೆಜ್ಜೆ ದಾಟಿದೆ. ಅದೂ ಸ್ವಂತ ರಜೆ ಹಾಕಿ, ಸ್ವಂತ ದುಡ್ಡಲ್ಲಿ ಕಲಿತು.

ದಾಟುವ ಮುಂಚಿನ ಒಂದು ರಾತ್ರಿಯ ವಿಷಯ ಮೊದಲು ಹೇಳುತ್ತೇನೆ.

ಮಳೆಗಾಲ. ಟ್ರಾಲಿಂಗ್ ನಿಷೇಧದ ದಿನಗಳು. ಜೂನ್, ಜುಲೈ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನುಗಾರರು ಜಗಲಿಯಲ್ಲಿ ಕೂತು ಹರಿದ ಬಲೆ ಸರಿ ಮಾಡುತ್ತಾರೆ. ಹಾಗೆ ಕೂತಿದ್ದ ಒಬ್ಬರ ಬಲಗೈಯಿಂದ ರಾತ್ರಿ ಹತ್ತೂವರೆಗೆ ಸೂಜಿ ಜಾರಿ ಬಿತ್ತು. ಮಾತು ತೊದಲಿತು. ಹನ್ನೊಂದೂ ಕಾಲಿಗೆ ನಮ್ಮಲ್ಲಿಗೆ ತಂದರು. ಲಕ್ವ ಹೊಡೆದಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆದರೆ ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ, ಒಡೆದಿದೆಯೋ ಅನ್ನೋದು ಹೊರಗಿಂದ ಯಾರಿಗೂ ಕಾಣುವುದಿಲ್ಲ. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳ ಒಡೆದಿದ್ದಾಗ ಅದೇ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಕುತ್ತು. ಅದಕ್ಕೇ ಮೊದಲು ಒಂದು ಪ್ಲೇನ್ ಸಿಟಿ ಬ್ರೇನ್, ಅಂದರೆ ಔಷಧಿ ಚುಚ್ಚದೆ ತೆಗೆಯುವ ಮೆದುಳಿನ ಸಿಟಿ ಸ್ಕ್ಯಾನ್ ಬೇಕು. ಟೇಬಲ್ ಮೇಲೆ ಮಲಗಿಸಿ ಇಳಿಸುವವರೆಗೆ ಹತ್ತು ನಿಮಿಷದ ಕೆಲಸ.

ಮೆಷಿನ್ ಇತ್ತು. ಕರೆಂಟ್ ಇತ್ತು. ಡಾಕ್ಟರ್ ಇದ್ದರು. ಸಿಟಿ ನಡೆಸುವ ಒಬ್ಬನೇ ಹುಡುಗ ತಂಗಿಯ ಮದುವೆಗೆ ಊರಿಗೆ ಹೋಗಿದ್ದ. ಬದಲಿ ಅಂತ ಹೇಳಿದ್ದವರ ಫೋನು ಹತ್ತಲಿಲ್ಲ. ಡಾಕ್ಟರ್ ಕೇಳಿದರು, ನಿಮಗೆ ಸಿಟಿ ಬರುತ್ತದಾ? ನಾನು ಗಾಜಿನ ಆಚೆಯಿಂದ ನೂರಾರು ಸಲ ನೋಡಿದ್ದೆ. ಆದರೆ ಒಮ್ಮೆಯೂ ಕನ್ಸೋಲ್ ಮುಟ್ಟಿರಲಿಲ್ಲ. ಕಲಿಯದೆ ಮುಟ್ಟುವುದು ತಪ್ಪು, ಅದು ಗೊತ್ತಿತ್ತು. ಬರುವುದಿಲ್ಲ ಸರ್ ಅಂದೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಆಂಬುಲೆನ್ಸ್ ದಕ್ಷಿಣಕ್ಕೆ ಹೊರಟಿತು. ಮಳೆಯಲ್ಲಿ ಮೂರು ಗಂಟೆಯ ದಾರಿ. ಮೂರು ಗಂಟೆಗೆ ಅವರ ಗಡುವು ಮುಗಿಯುತ್ತಿತ್ತು.

ಅವರು ಬದುಕಿದ್ದಾರೆ. ಆಗಾಗ ಎದೆಯ ಎಕ್ಸ್‌ರೇಗೆ ಬರುತ್ತಾರೆ. ಸ್ಟ್ಯಾಂಡಿನ ಎದುರು ನಿಲ್ಲಿಸಿ, ಎರಡೂ ಕೈಯಿಂದ ಅದನ್ನು ಬಳಸಿ ಹಿಡಿಯಿರಿ ಅಂತ ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಹೇಳುತ್ತೇನೆ. ಎಡಗೈ ತಾನಾಗಿ ಹೋಗುತ್ತದೆ. ಬಲಗೈಯನ್ನು ನಾನೇ ಎತ್ತಿ ಇಡಬೇಕು. ಆ ರಾತ್ರಿ ಸಿಟಿ ಆಗಿದ್ದರೆ ಈ ಕೈ ಎದ್ದೇ ಬಿಡುತ್ತಿತ್ತು ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಅದನ್ನು ಎತ್ತಿ ಇಡುವಾಗ ಪ್ರತಿ ಸಲವೂ ಆ ಹನ್ನೆರಡು ಹೆಜ್ಜೆ ನೆನಪಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಆಂಬುಲೆನ್ಸಿನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ಕು ಜನ ಸತ್ತರು. ಆಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಜೋರಾಯಿತು. ನಾನೂ ಆ ಕೂಗಿಗೆ ದನಿ ಸೇರಿಸಿದವನು. ಈಗಲೂ ಸೇರಿಸುತ್ತೇನೆ. ಎರಡು ವರ್ಷ ಕಳೆದ ಮೇಲೆ, 2024ರ ಜುಲೈ 16ರಂದು ಇನ್ನೊಂದು ಶಿರೂರಿನಲ್ಲಿ, ನಮ್ಮ ಅಂಕೋಲೆಯ ಶಿರೂರಿನಲ್ಲಿ, ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಅದಾಗಿ ಮೂರು ವಾರಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಮಂಗಳೂರು, ಮಣಿಪಾಲ, ಗೋವಾ, ಹುಬ್ಬಳ್ಳಿ ಎಲ್ಲವೂ ರಸ್ತೆ ಇದ್ದರೆ ಮಾತ್ರ ನಮಗೆ ಹತ್ತಿರ. ರಸ್ತೆ ಇಲ್ಲದ ದಿನ ನಮ್ಮಲ್ಲಿರುವ ಮೆಷಿನ್, ನಮ್ಮಲ್ಲಿರುವ ಜನ, ಅಷ್ಟೇ ನಮ್ಮ ಆಸ್ತಿ.

ಮೆಷಿನ್ ಬಂದ ದಿನ ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ. ಅದನ್ನು ರಾತ್ರಿ ಎರಡು ಗಂಟೆಗೆ ಯಾರು ನಡೆಸುತ್ತಾರೆ ಅಂತ ಆ ದಿನ ಯಾರೂ ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ.

ನಮ್ಮ ಎಕ್ಸ್‌ರೇ ಕೋಣೆಯವರಿಗೆ ಏನು ಬರುತ್ತದೆ ಅಂತ ನಿಮಗೆ ಸ್ವಲ್ಪ ಹೇಳಬೇಕು. ಶಾಲೆ ಪುಸ್ತಕದಲ್ಲಿ ಕ್ಷ-ಕಿರಣ, ರೋಗಿಯ ಬಾಯಲ್ಲಿ "ಒಳಗಿನ ಫೋಟೋ". ನಾನು ಸೇರಿದಾಗ ಡಾರ್ಕ್ ರೂಮ್ ಇತ್ತು. ಕೆಂಪು ದೀಪದಲ್ಲಿ ಫಿಲ್ಮ್ ಡೆವಲಪರ್‌ಗೆ ಅದ್ದಿ, ತೊಳೆದು, ಫಿಕ್ಸರ್‌ಗೆ ಹಾಕಿ, ಮತ್ತೆ ತೊಳೆದು ತಂತಿಗೆ ನೇತು ಹಾಕುತ್ತಿದ್ದೆವು. ಆಷಾಢದ ಮಳೆಯಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಟೇಬಲ್ ಫ್ಯಾನ್ ಇಟ್ಟು ಕಾಯುತ್ತಿದ್ದೆವು, ಹೊರಗೆ ರೋಗಿಯೂ ಕಾಯುತ್ತಿದ್ದ. ಆಮೇಲೆ ಫಿಲ್ಮ್ ತೊಳೆಯದೆ ಕಂಪ್ಯೂಟರಿನಲ್ಲಿ ಚಿತ್ರ ಕೊಡುವ ಸಿಆರ್ ಬಂತು, ಆಮೇಲೆ ನೇರ ಡಿಜಿಟಲ್ ಚಿತ್ರದ ಡಿಆರ್ ಬಂತು. ಪ್ರತಿ ಸಲ ಕಂಪನಿಯವರು ಒಂದು ದಿನ ಬಂದು ಗುಂಡಿ ತೋರಿಸಿ ಹೋದರು. ಉಳಿದದ್ದನ್ನು ನಾವೇ ಕಲಿತೆವು. ಕಲಿಯುವ ಶಕ್ತಿ ಇಲ್ಲದವರಲ್ಲ ನಾವು.

ಶಿರಸಿಯಲ್ಲಿ ಎರಡು ವರ್ಷ ಇದ್ದೆ. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ಮರದಿಂದ ಬಿದ್ದ ಕೊನೆಗೌಡರನ್ನು, ಅಂದರೆ ಗೊನೆ ಕೊಯ್ಯುವವರನ್ನು, ತರುತ್ತಿದ್ದರು. ಬೆನ್ನುಮೂಳೆ ಮುರಿದಿರಬಹುದಾದ ಮನುಷ್ಯನನ್ನು ಮಗ್ಗುಲಾಗಿಸಿದರೆ ಇದ್ದ ಕಾಲೂ ಹೋದೀತು. ಆಗ ರೋಗಿಯನ್ನು ಅಲುಗಿಸದೆ ಟ್ಯೂಬನ್ನೇ ಅಡ್ಡ ತಿರುಗಿಸಿ ಫಿಲ್ಮ್ ತೆಗೆಯಬೇಕು. ಇದನ್ನು ನನಗೆ ಹಿರಿಯರೊಬ್ಬರು ಕೈ ಹಿಡಿದು ಕಲಿಸಿದರು.

ಇನ್ನೊಂದು ನಮ್ಮ ಕರಾವಳಿಯದ್ದೇ. ಹಾಲಕ್ಕಿ ಅಜ್ಜಿಯೊಬ್ಬರು ಕೆಮ್ಮು ಅಂತ ಬಂದರು. ಕುತ್ತಿಗೆಯಿಂದ ಎದೆಯವರೆಗೆ ಮಣಿಸರ, ಸಾಲು ಸಾಲು. ತೆಗೆಯುವುದಿಲ್ಲ ಅಂದರು. ಜೋರು ಮಾಡಿದರೆ ಎದ್ದು ಹೋಗುತ್ತಾರೆ. ಸರ ಮೇಲಕ್ಕೆ ಸರಿಸಿ ತೆಗೆದರೆ ಮಣಿಯ ನೆರಳು ಶ್ವಾಸಕೋಶದ ತುದಿಯ ಮೇಲೆ ಬೀಳುತ್ತದೆ. ಕ್ಷಯ ಹೆಚ್ಚಾಗಿ ಅಡಗಿ ಕೂರುವುದು ಅಲ್ಲೇ. ನಾನು ಹೊರಗೆ ಹೋದೆ. ನಮ್ಮ ಆಯಾ ಪರದೆ ಎಳೆದು, ಒಂದೊಂದೇ ಸರ ತೆಗೆದು ಅಜ್ಜಿಯ ಸೊಸೆಯ ಮಡಿಲಿಗೆ ಹಾಕಿದರು. ಅಜ್ಜಿಯ ಕಣ್ಣು ಮಡಿಲ ಮೇಲೇ ಇತ್ತು. ಮುಗಿದ ಮೇಲೆ ಮೊದಲು ಸರ, ಆಮೇಲೆ ಮಾತು. ಫಿಲ್ಮ್ ಸ್ವಚ್ಛವಾಗಿ ಬಂತು. ಬಲಗಡೆ ತುದಿಯಲ್ಲಿ ಕಲೆ ಇತ್ತು. ಔಷಧಿ ಶುರುವಾಯಿತು.

ಇಂಥ ತಿಳಿವಳಿಕೆ ಮೆಷಿನ್ ಜೊತೆ ಡಬ್ಬಿಯಲ್ಲಿ ಬರುವುದಿಲ್ಲ. ಇದು ಇರುವ ಮನುಷ್ಯನನ್ನು ಎಕ್ಸ್‌ರೇ ಕೋಣೆಯಲ್ಲೇ ಇಟ್ಟು, ಸಿಟಿಗೆ, ಎಂಆರ್‌ಐಗೆ ಹೊರಗಿನಿಂದ ಯಾರನ್ನೋ ತಂದು, ಅವರು ಒಂದು ವರ್ಷಕ್ಕೆ ಬಿಟ್ಟು ಹೋಗಿ, ಮತ್ತೆ ಹುಡುಕುತ್ತಾ ಕೂರುವುದು ಯಾಕೆ?

ಆ ರಾತ್ರಿಯ ನಂತರ ನಾನು ಇದ್ದ ರಜೆಯನ್ನೆಲ್ಲಾ ಒಟ್ಟು ಮಾಡಿ ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಗೆ ಕಲಿಯಲು ಹೋದೆ. ರೂಮ್ ಬಾಡಿಗೆ, ಊಟ ನನ್ನದೇ. ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ ಕಲಿಸಿದಳು. ಚೆನ್ನಾಗಿ ಕಲಿಸಿದಳು. ಎದೆಯ ಒಂದು ಎಕ್ಸ್‌ರೇಗೆ ಹೋಲಿಸಿದರೆ ಎದೆಯ ಸಿಟಿಯಲ್ಲಿ ಹತ್ತಾರು ಪಟ್ಟು, ಕೆಲವೊಮ್ಮೆ ನೂರಕ್ಕೂ ಜಾಸ್ತಿ ಪಟ್ಟು ವಿಕಿರಣ. ಹಾಗಾಗಿ ಸಿಟಿಯಲ್ಲಿ ರಿಪೀಟ್ ಅನ್ನೋದು ಸಣ್ಣ ಮಾತಲ್ಲ. ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಚುಚ್ಚುವ ಔಷಧಿ, ಕೊಡುವ ಮುಂಚೆ ಮೂತ್ರಪಿಂಡ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ನೋಡಬೇಕು, ಹಿಂದೆ ಅಲರ್ಜಿ ಆಗಿದೆಯಾ ಕೇಳಬೇಕು. ರಕ್ತನಾಳದ ಸ್ಕ್ಯಾನ್‌ನಲ್ಲಿ ಔಷಧಿ ಸೆಕೆಂಡಿಗೆ ನಾಲ್ಕು ಮಿಲಿಯಷ್ಟು ವೇಗದಲ್ಲಿ ಹೋಗುತ್ತದೆ. ನಾಳಕ್ಕೆ ಹಾಕುವ ಕೊಳವೆ, ಕ್ಯಾನ್ಯುಲಾ, ಸಣ್ಣದಿದ್ದರೆ ಔಷಧಿ ಚರ್ಮದಡಿ ಸೋರಿ ಕೈ ಊದುತ್ತದೆ. ಇವೆಲ್ಲ ಪುಸ್ತಕದಲ್ಲಿ ಓದಿದ್ದೆ. ಕೈಯಾರೆ ಮಾಡಿದಾಗಲೇ ಅರ್ಥವಾಗಿದ್ದು.

ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತಾಗ ನನಗೆ ನಿಜವಾಗಿ ಭಯವಾಯಿತು. ಎಂಆರ್‌ಐ ಮೆಷಿನ್ ಅಂದರೆ ಒಂದು ದೊಡ್ಡ ಅಯಸ್ಕಾಂತ. ಅದು ಸ್ಕ್ಯಾನ್ ನಡೆಯದಿದ್ದಾಗಲೂ ಎಳೆಯುತ್ತಲೇ ಇರುತ್ತದೆ. ಕರೆಂಟ್ ಹೋದರೂ ಎಳೆಯುತ್ತದೆ. 2018ರ ಜನವರಿಯಲ್ಲಿ ಮುಂಬೈನಲ್ಲಿ ರೋಗಿಯ ಸಂಬಂಧಿಯೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡರು. ಹಾಗಾಗಿ ಎಂಆರ್‌ಐಯಲ್ಲಿ ಅರ್ಧ ಕೆಲಸ ಬಾಗಿಲಲ್ಲೇ, ಪ್ರಶ್ನೆ ಕೇಳುವುದರಲ್ಲೇ ಇದೆ. ಪೇಸ್‌ಮೇಕರ್ ಇದೆಯಾ? ಆಪರೇಷನ್ ಮಾಡಿ ಮೆದುಳಿನ ನಾಳಕ್ಕೆ ಕ್ಲಿಪ್ ಹಾಕಿದ್ದಾರಾ? ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಬಿದ್ದಿತ್ತಾ? ಈ ಕೊನೆಯ ಪ್ರಶ್ನೆ ಕೇಳಿದಾಗ ನನಗೆ ನಮ್ಮ ಬೈತಖೋಲ, ತದಡಿ ಬಂದರಿನ ವೆಲ್ಡಿಂಗ್ ಹುಡುಗರು ಕಣ್ಣ ಮುಂದೆ ಬಂದರು. ಬೋಟಿನ ಕೆಲಸದಲ್ಲಿ ಗ್ರೈಂಡರ್ ಹಿಡಿಯುವವರು. "ಏನು ಕೆಲಸ ಮಾಡ್ತೀ ತಮ್ಮಾ?" ಅಂತ ನಮ್ಮ ಮಾತಲ್ಲಿ ಕೇಳಿದರೆ ಹೇಳುತ್ತಾರೆ. ಇಂಗ್ಲಿಷ್ ಫಾರ್ಮ್ ಕೊಟ್ಟು ಟಿಕ್ ಮಾಡು ಅಂದರೆ ಎಲ್ಲದಕ್ಕೂ ಇಲ್ಲ ಅಂತ ಹಾಕಿ ಕೊಡುತ್ತಾರೆ.

ವಾಪಸ್ ಬಂದು ನಾನು ಮಾಡಿದ ಮೊದಲ ಕೆಲಸ ಬಹಳ ಚಿಕ್ಕದು. ಸಿಟಿ ಮೆಷಿನ್ ಉಸಿರು ಎಳೆದು ಹಿಡಿಯಿರಿ ಅಂತ ತಾನೇ ಹೇಳುತ್ತದೆ, ಇಂಗ್ಲಿಷಿನಲ್ಲಿ. ನಮ್ಮ ಅಜ್ಜ ಅಜ್ಜಿಯರು ಯಾರು ಮಾತಾಡಿದ್ದು ಅಂತ ತಲೆ ಎತ್ತಿ ನೋಡುತ್ತಿದ್ದರು. ಚಿತ್ರ ಕಲೆಸಿ ಹೋಗುತ್ತಿತ್ತು. ಆ ದನಿಯನ್ನು ಬೇಕಾದ ಭಾಷೆಯಲ್ಲಿ ರೆಕಾರ್ಡ್ ಮಾಡಿ ಇಡಬಹುದು. ನಾನು ಕನ್ನಡದಲ್ಲಿ ಹೇಳಿದೆ, ನಮ್ಮ ನರ್ಸ್ ಒಬ್ಬರು ಕೊಂಕಣಿಯಲ್ಲಿ ಹೇಳಿದರು. ಈಗ ತಲೆ ಎತ್ತುವವರು ಕಡಿಮೆಯಾಗಿದ್ದಾರೆ.

ಇಷ್ಟು ಕಲಿತು ಬಂದೆ. ಸಂಬಳ ಅಷ್ಟೇ, ಹುದ್ದೆಯ ಹೆಸರು ಅದೇ. ಈ ಮಾತು ಬರೆಯಲು ಸಂಕೋಚ ಇತ್ತು, ಆದರೆ ಇದನ್ನು ಬಿಟ್ಟರೆ ಪತ್ರ ಅರ್ಧ ಆಗುತ್ತದೆ. 2004ರಲ್ಲಿ ನನ್ನ ಐಡಿ ಕಾರ್ಡಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಅಂತ ಇತ್ತು. ಈಗಲೂ ಹಾಗೇ ಇದೆ. ನನ್ನ ಜೊತೆ ಸೇರಿದ ಬ್ಯಾಂಕಿನ ಗೆಳೆಯ ಮ್ಯಾನೇಜರ್ ಆದ, ಶಾಲೆಯ ಗೆಳತಿ ಮುಖ್ಯೋಪಾಧ್ಯಾಯಿನಿ ಆದಳು. ನಮ್ಮ ಕೆಲಸಕ್ಕೆ ಮೆಟ್ಟಿಲೇ ಕಟ್ಟಿಲ್ಲ.

ಕೇಳುವುದು ಇಷ್ಟು.

ಜಿಲ್ಲೆಯ ಎಕ್ಸ್‌ರೇ ಸಿಬ್ಬಂದಿಯನ್ನು ಸರದಿಯ ಮೇಲೆ ಮೂರು ತಿಂಗಳು ಸಿಟಿ ಕಲಿಯಲು ಕಳಿಸಿ. ಸಂಬಳ ಕಡಿಯಬೇಡಿ. ದೂರ ಬೇಕಾಗಿಲ್ಲ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಘಟ್ಟದ ಮೇಲಿನವರಿಗೆ ಕಿಮ್ಸ್ ಅಂತ ಹೆಸರಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಹತ್ತಿರ. ಒಬ್ಬರು ಹೋದಾಗ ಅವರ ಜಾಗಕ್ಕೆ ಬದಲಿ ಕೊಡಿ, ಇಲ್ಲದಿದ್ದರೆ ಯಾವ ಆಸ್ಪತ್ರೆಯೂ ಬಿಡುವುದಿಲ್ಲ. ಸಿಟಿ ಕಲಿತವರಿಗೆ ಎಂಆರ್‌ಐ, ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ), ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳ ನೋಡುವ ಕೋಣೆ) ಅಂತ ಮುಂದಿನ ದಾರಿ ತೆರೆಯಲಿ. ಮ್ಯಾಮೊಗ್ರಫಿಗೆ ಹೆಣ್ಣುಮಕ್ಕಳನ್ನೇ ಮೊದಲು ತಯಾರು ಮಾಡಿ. ಗಂಡಸು ಇದ್ದಾನೆ ಅಂತ ಗೊತ್ತಾದರೆ ನಮ್ಮ ಕಡೆಯ ಹೆಂಗಸರು ಬಾಗಿಲಿಂದಲೇ ವಾಪಸ್ ಹೋಗುತ್ತಾರೆ.

ಕಲಿತದ್ದಕ್ಕೆ ದಾಖಲೆ ಬೇಕು. ಒಂದು ಲಾಗ್ ಪುಸ್ತಕ ಇರಲಿ. ಎಷ್ಟು ಪ್ಲೇನ್ ಬ್ರೇನ್ ಮಾಡಿದರು, ಎಷ್ಟು ಕಾಂಟ್ರಾಸ್ಟ್ ಮಾಡಿದರು, ಯಾರು ಪಕ್ಕದಲ್ಲಿ ನಿಂತು ನೋಡಿದರು ಅಂತ ಬರೆದು ರೇಡಿಯಾಲಜಿಸ್ಟ್ ಸಹಿ ಹಾಕಲಿ. ಆ ಪುಸ್ತಕ ಕುಮಟಾದಲ್ಲೂ, ಶಿರಸಿಯಲ್ಲೂ, ಭಟ್ಕಳದಲ್ಲೂ ನಡೆಯಬೇಕು. ಆಸ್ಪತ್ರೆ ಬದಲಿಸಿದರೆ ಮತ್ತೆ ಸೊನ್ನೆಯಿಂದ ಶುರು ಮಾಡುವ ಹಾಗೆ ಆಗಬಾರದು. ಎಷ್ಟೋ ಕಡೆ ಸಿಟಿ, ಎಂಆರ್‌ಐ ಹೊರಗುತ್ತಿಗೆಯಲ್ಲಿ ನಡೆಯುತ್ತವೆ. ಮುಂದಿನ ಕರಾರು ಬರೆಯುವಾಗ ಒಂದು ಸಾಲು ಸೇರಿಸಿ: ಆ ಆಸ್ಪತ್ರೆಯ ಎಕ್ಸ್‌ರೇ ಸಿಬ್ಬಂದಿಗೆ ಆ ಮೆಷಿನ್ ಮೇಲೆ ತರಬೇತಿ ಕೊಡಬೇಕು ಅಂತ. ಇದಕ್ಕೆ ಸರ್ಕಾರಕ್ಕೆ ಹೆಚ್ಚು ದುಡ್ಡೂ ಬೇಕಾಗುವುದಿಲ್ಲ.

ಆಮೇಲೆ ಮೆಟ್ಟಿಲು. ಹಿರಿಯ ತಂತ್ರಜ್ಞ, ವಿಭಾಗದ ಇನ್‌ಚಾರ್ಜ್, ಹೊಸಬರಿಗೆ ಕಲಿಸುವವರು ಅಂತ ಹುದ್ದೆಗಳಿರಲಿ, ಹೆಸರಿನ ಜೊತೆ ಸಂಬಳವೂ ಏರಲಿ. ವಿಕಿರಣ ಸುರಕ್ಷತಾ ಅಧಿಕಾರಿಯ ಕೆಲಸವನ್ನೂ ಅರ್ಹತೆ ಇರುವ ತಂತ್ರಜ್ಞರಿಗೆ ಕೊಡಬಹುದು, ನಿಯಮದಲ್ಲಿ ಅವಕಾಶ ಇದೆ. ಕೈಗಾ ಅಣು ವಿದ್ಯುತ್ ಸ್ಥಾವರ ಇರುವ ಜಿಲ್ಲೆ ನಮ್ಮದು. ವಿಕಿರಣ ಅಂದರೆ ಊರೆಲ್ಲ ಮಾತಾಡುತ್ತದೆ. ದಿನವಿಡೀ ಲೆಡ್ ಏಪ್ರನ್ ಹೊತ್ತು ಎಕ್ಸ್‌ರೇ ಕೋಣೆಯಲ್ಲಿ ನಿಲ್ಲುವವರ ಬಗ್ಗೆ ಯಾರೂ ಕೇಳುವುದಿಲ್ಲ. ಮೈಗೆ ತಗಲಿದ ವಿಕಿರಣ ಅಳೆಯುವ ನಮ್ಮ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಲೆಕ್ಕಕ್ಕೆ ಹೋಗಬೇಕು. ನಮಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟಬಾರದು ಅಂತ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಇದೆ. ಇದರ ಲೆಕ್ಕ ಇಟ್ಟು ಪ್ರತಿಯೊಬ್ಬರಿಗೂ ತೋರಿಸುವ ಒಬ್ಬ ಜವಾಬ್ದಾರ ಮನುಷ್ಯ ಬೇಕಲ್ವಾ? ಆ ಜಾಗಕ್ಕೆ ನಮ್ಮಲ್ಲೇ ಜನ ಇದ್ದಾರೆ.

ಎರಡು ವಿಷಯ ಸ್ಪಷ್ಟ ಮಾಡಬೇಕು. ಅಲ್ಟ್ರಾಸೌಂಡ್ ಕೈಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಹೆಣ್ಣು ಭ್ರೂಣಗಳನ್ನು ಉಳಿಸಲು 1994ರಲ್ಲಿ ಮಾಡಿದ ಕಾಯ್ದೆ ಅದನ್ನು ಅರ್ಹ ವೈದ್ಯರಿಗೆ ಮಾತ್ರ ಬಿಟ್ಟಿದೆ. ಅದು ಹಾಗೇ ಇರಲಿ. ಇನ್ನೊಂದು, ಮೂರು ಮೆಷಿನ್ ಕಲಿಸಿದ್ದೇವೆ ಅಂತ ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಬೇಡಿ. ಈ ಭಯದಿಂದಲೇ ನನ್ನ ಎಷ್ಟೋ ಸಹೋದ್ಯೋಗಿಗಳು ಕಲಿಯಲು ಹಿಂಜರಿಯುತ್ತಾರೆ. ಅವರ ಭಯ ಸುಳ್ಳಲ್ಲ. ಇಬ್ಬರು ಇದ್ದ ಕಡೆ ಒಬ್ಬರನ್ನು ತೆಗೆದು, ಉಳಿದವರು ಎಕ್ಸ್‌ರೇ ಬಿಟ್ಟು ಸಿಟಿಗೆ ಓಡಿ, ಸಿಟಿ ಬಿಟ್ಟು ಎಕ್ಸ್‌ರೇಗೆ ಓಡುವುದನ್ನು ನಾನು ನೋಡಿದ್ದೇನೆ. ಅಂಥ ಓಟದಲ್ಲೇ ಬಲ ಎಡ ಗುರುತು ತಪ್ಪುವುದು, ಒಬ್ಬರ ಹೆಸರು ಇನ್ನೊಬ್ಬರ ಫಿಲ್ಮಿಗೆ ಬೀಳುವುದು.

2021ರಲ್ಲಿ ಸಂಸತ್ತು ನಮ್ಮಂಥ ಆರೋಗ್ಯ ವೃತ್ತಿಗಳಿಗಾಗಿಯೇ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ನಮ್ಮ ವೃತ್ತಿಯ ಹೆಸರಿದೆ. ಆ ಸುದ್ದಿ ಓದಿದ ದಿನ ಖುಷಿಯಾಗಿತ್ತು. ಆದರೆ ದಿಲ್ಲಿಯ ಕಾಯ್ದೆಯಿಂದ ನಮ್ಮ ಕಾರಿಡಾರಿಗೆ ಬಹಳ ದೂರ. ಅಲ್ಲಿಯವರೆಗೆ ಕಾಯದೆ ಜಿಲ್ಲೆಯ ಮಟ್ಟದಲ್ಲೇ ಮಾಡಬಹುದಾದದ್ದನ್ನು ಮಾತ್ರ ನಾನು ಇಲ್ಲಿ ಬರೆದಿದ್ದೇನೆ.

ಕಲಿತವರು ಮಂಗಳೂರಿಗೆ, ಗೋವಾಕ್ಕೆ, ಗಲ್ಫಿಗೆ ಹೋಗುತ್ತಾರೆ, ನಾವು ಯಾಕೆ ಖರ್ಚು ಮಾಡಬೇಕು ಅಂತ ನನಗೆ ಒಬ್ಬ ಆಡಳಿತಗಾರರು ಹೇಳಿದ್ದರು. ಈ ಮಾತಿಗೆ ನನ್ನ ಹತ್ತಿರ ಒಂದೇ ಉದಾಹರಣೆ ಇದೆ. ನನ್ನ ಜೊತೆ ಈಗ ಕೆಲಸ ಮಾಡುವ ಹುಡುಗಿ ಹೊನ್ನಾವರದ ಕಡೆಯವಳು. ಸೇರಿ ಎರಡು ವರ್ಷ. ಕೈ ಬಹಳ ಒಳ್ಳೆಯದು, ಮಕ್ಕಳ ಎಕ್ಸ್‌ರೇ ಅವಳ ಹಾಗೆ ಯಾರೂ ತೆಗೆಯುವುದಿಲ್ಲ. ಕಳೆದ ತಿಂಗಳು ಟೀ ಕುಡಿಯುವಾಗ ಕೇಳಿದಳು: "ಸರ್, ಇಲ್ಲೇ ಇದ್ದರೆ ಐದು ವರ್ಷಕ್ಕೆ ನಾನು ಏನಾಗಿರ್ತೇನೆ?" ನಾನು ನನ್ನ ಐಡಿ ಕಾರ್ಡು ನೋಡಿಕೊಂಡೆ. ಉತ್ತರ ಹೇಳಲಿಲ್ಲ. ಅದೇ ವಾರ ಅವಳು ಮಂಗಳೂರಿಗೆ ಸಂದರ್ಶನಕ್ಕೆ ಹೋಗಿ ಬಂದಳು. ಅಲ್ಲಿ ಮೊದಲ ದಿನವೇ ಹೇಳಿದರಂತೆ, ಆರು ತಿಂಗಳು ಎಕ್ಸ್‌ರೇ, ಆಮೇಲೆ ಸಿಟಿ, ಎರಡನೇ ವರ್ಷಕ್ಕೆ ಎಂಆರ್‌ಐ ಅಂತ. ಅವಳು ಕಲಿತು ಹೋಗುತ್ತಿಲ್ಲ. ಕಲಿಸುವವರಿಲ್ಲ ಅಂತ ಹೋಗುತ್ತಿದ್ದಾಳೆ. ಅಪ್ಪನಿಗೆ ಹುಷಾರಿಲ್ಲ, ಊರು ಬಿಡಲು ಅವಳಿಗೆ ಮನಸ್ಸಿಲ್ಲ. ಆದರೂ ನೋಟಿಸ್ ಕೊಟ್ಟಿದ್ದಾಳೆ.

ಈ ತಿಂಗಳ ಕೊನೆಯವರೆಗೆ ಇಲ್ಲೇ ಇರುತ್ತಾಳೆ. ಈ ವಾರ ನೈಟ್ ಡ್ಯೂಟಿ. ಅವಳ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮಲ್ಲಿ ಯಾರಾದರೂ ಕೊಡುವುದಾದರೆ ಅಷ್ಟರೊಳಗೆ ಕೊಡಿ.

ಇಂತಿ,
ಕುಮಟಾ ಕಡೆಯ ಒಬ್ಬ ಎಕ್ಸ್‌ರೇ ತಂತ್ರಜ್ಞ